ಎಡಗೈ ರಾಣಿ

ಆ ಬುಧವಾರ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಬೆಳಿಗ್ಗೆ ಬೀದರದ ಚೌಬಾರಾ ಗೋಪುರದ ಹತ್ತಿರದ ನಮ್ಮ ಅರಿವೆ ಅಂಗಡಿ ತೆರೆದೆ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಒಳಗೆ ನನ್ನ ಹೆಂಡತಿ ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ಕೇಳಿದರೆ ಸಾಕು, ಯಾವ ಕೈ ಎಂದು ನನಗೆ ಗೊತ್ತಾಗುತ್ತಿತ್ತು. ಬಲಗೈಯದು ಅಳುಕಿನ ಸಪ್ಪಳ. ಎಡಗೈಯದು ಹಿಡಿದ ಮಳೆಯಂತೆ ಒಂದೇ ಸಮ. ಅಂದು ಎಡಗೈ ನಡೆದಿತ್ತು. ಅವ್ವ ಎದ್ದ ಸುಳಿವು ಸಿಕ್ಕರೆ ಕೈ ಬದಲಾಗುತ್ತಿತ್ತು. ಅವ್ವನಿಗೂ ಕಿವಿಗಳಿವೆ ಎಂಬುದನ್ನು ನಾವಿಬ್ಬರೂ ಯಾಕೋ ಯೋಚಿಸಿರಲಿಲ್ಲ.

ಊಟಕ್ಕೆ ಕುಳಿತಾಗ ಓಣಿಯಲ್ಲಿ ಟಾಂಗಾ ಬಂತು. ಅದರ ಮೇಲೆ ಹಲಗೆ ಬಾರಿಸುತ್ತ ಡೇರೆ ಸಿನೇಮಾದವನು ಕೂಗುತ್ತಿದ್ದ. ಶಹಾಗಂಜ್ ದರವಾಜಾದ ಹೊರಗಿನ ಬಯಲಿನಲ್ಲಿ ಡೇರೆ ಬಿದ್ದಿದೆ, ‘ಕುದುರಿ ರಾಣಿ’ ಮತ್ತೆ ಬಂದಿದ್ದಾಳೆ, ಈ ಸಲ ಹೆಣ್ಣುಮಕ್ಕಳಿಗೂ ಮುಂದಿನ ಕಡೆಗೇ ಜಾಗ ಮಾಡಿದ್ದೇವೆ, ಅಡ್ಡ ಪರದೆ ಕಟ್ಟಿದ್ದೇವೆ ಎಂದು ಕೂಗಿ ಟಾಂಗಾ ಮುಂದೆ ಹೋಯಿತು.

ಶರಣಮ್ಮನ ಕೈ ನಿಂತಿತು.

“ಏನ್ರಿ, ಕೇಳಿದ್ರಿ? ಮುಂದ ಕುಂಡರಸ್ತಾರಂತ.”

“ಛಲೋ ಆತಲ್ಲ. ಇನ್ನ ಉಲ್ಟಾ ಹೋಗಿ ಎಲ್ಲಾ ಸುಲ್ಟಾ ಕಾಣಸ್ತದ.”

“ಸುಲ್ಟಾ ಯಾರಿಗೆ ಬೇಕಾಗ್ಯಾದ್ರಿ? ಮುಂದ ಕುಂತ್ರ ರಾಣಿ ಬಲಗೈಯಾಕಿ ಆಗ್ತಾಳ. ನಾ ಒಲ್ಲೆ. ಮಾಲಕಗ ಹೇಳ್ರಿ, ನನಗ ಹಿಂದೇ ಜಾಗಾ ಬೇಕಂತ.”

ನಾಳೆ ಕೇಳುತ್ತೇನೆ ಎಂದೆ. ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ಅದೇ ನಮ್ಮ ಮನೆಯ ಕೊನೆಯ ಸಾದಾ ದಿನ. ಮರುದಿನ ಅವಳಿಗೆ ಜ್ವರ ಬಂತು.

ಜ್ವರದ ಕತೆಯನ್ನು ನಾನು ಬರೆಯುವುದಿಲ್ಲ. ಸಿನೇಮಾದ ಕತೆ ಬರೆಯುತ್ತೇನೆ. ಹೆಂಡತಿ ಸತ್ತವನು ಸಿನೇಮಾದ ಮಾತಾಡುತ್ತಾನೆ ಎಂದು ನೀವು ಹುಬ್ಬು ಗಂಟಿಕ್ಕಿದರೆ ಇಕ್ಕಿಕೊಳ್ಳಿ. ಈಗಾಗಲೇ ಬಹಳ ಮಂದಿ ಇಕ್ಕಿಕೊಂಡಿದ್ದಾರೆ, ನಿಮ್ಮದೊಂದು ಹೆಚ್ಚು.

ನಮ್ಮ ಡೇರೆಯ ಪದ್ಧತಿಯನ್ನು ಮೊದಲು ಹೇಳಬೇಕು. ಮಾತಾಡುವ ಚಿತ್ರಗಳು ಇನ್ನೂ ಬಂದಿರದ ಕಾಲ. ಡೇರೆಯ ನಡುವೆ ಒಂದು ದೊಡ್ಡ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಗಂಡಸರೆಲ್ಲ ಅದರ ಮುಂದೆ. ಹೆಂಗಸರಿಗೆ ಗೋಷಾ, ಅಂದರೆ ಮರೆ, ಇರಬೇಕಲ್ಲ, ಅವರನ್ನು ಬಟ್ಟೆಯ ಹಿಂದೆ ಕೂರಿಸುತ್ತಿದ್ದರು. ಆಟಕ್ಕೆ ಮುಂಚೆ ಭಿಸ್ತಿ ಬಂದು ತೊಗಲ ಚೀಲದಿಂದ ಬಟ್ಟೆಗೆ ನೀರು ಹೊಡೆದು ತೋಯಿಸುತ್ತಿದ್ದ. ತೊಯ್ದ ಬಟ್ಟೆಯಲ್ಲಿ ಬೆಳಕು ಹಾಯ್ದು ಚಿತ್ರ ಹಿಂದಿನವರಿಗೂ ಕಾಣುತ್ತಿತ್ತು. ಆದರೆ ಎಲ್ಲ ಉಲ್ಟಾ. ನಮಗೆ ಬಲಗೈ ಆದದ್ದು ಅವರಿಗೆ ಎಡಗೈ. ಚಿತ್ರದಲ್ಲಿ ನಡುನಡುವೆ ಬರುವ ಅಕ್ಷರಗಳೂ ಅವರಿಗೆ ಉಲ್ಟಾ. ಓದಲು ಬರುತ್ತಿದ್ದವರು ಕಡಿಮೆಯಾದ್ದರಿಂದ ಅದರ ದೂರು ಇರಲಿಲ್ಲ. ಬಟ್ಟೆಯ ಪಕ್ಕದಲ್ಲಿ ಒಬ್ಬ ನಿಂತು ಕತೆಯನ್ನು ಕನ್ನಡದಲ್ಲೊಂದಿಷ್ಟು, ದಖನಿ ಉರ್ದುವಿನಲ್ಲೊಂದಿಷ್ಟು ಕೂಗಿ ಹೇಳುತ್ತಿದ್ದ.

ಹೀಗೆ ಬೀದರದ ಗಂಡಹೆಂಡಿರು ಮುಖಾಮುಖಿ ಕುಳಿತು, ನಡುವೆ ಒಂದು ತೊಯ್ದ ಬಟ್ಟೆ ಇಟ್ಟುಕೊಂಡು ಸಿನೇಮಾ ನೋಡುತ್ತಿದ್ದೆವು. ನನಗೆ ಶರಣಮ್ಮ ಕಾಣುತ್ತಿರಲಿಲ್ಲ. ಅವಳ ನಗು ಮಾತ್ರ ಬಟ್ಟೆ ದಾಟಿ ಬರುತ್ತಿತ್ತು. ಎಷ್ಟು ಹೆಂಗಸರು ನಕ್ಕರೂ ಅದನ್ನು ಹೆಕ್ಕಿ ತೆಗೆಯುವುದು ನನಗೆ ಕಷ್ಟವಾಗುತ್ತಿರಲಿಲ್ಲ. ಆ ಬಟ್ಟೆ ನಮ್ಮ ಅಂಗಡಿಯದೇ. ಡೇರೆಯ ಮಾಲೀಕ ಖಾಸೀಂಸಾಬರು ದಪ್ಪದ್ದು ಕೇಳಲು ಬಂದಿದ್ದರು. ತೆಳ್ಳಗಿನದು ಒಯ್ಯಿರಿ, ಹಿಂದಿನವರಿಗೂ ಚೆನ್ನಾಗಿ ಕಾಣುತ್ತದೆ ಎಂದು ಹೇಳಿ ಕೊಟ್ಟವನು ನಾನು. ವ್ಯಾಪಾರದಲ್ಲಿ ಒಮ್ಮೆಯಾದರೂ ಸ್ವಾರ್ಥ ಇರಬೇಕು.

ಇನ್ನು ‘ಕುದುರಿ ರಾಣಿ’. ಇದು ಅದರ ನಿಜವಾದ ಹೆಸರಲ್ಲ. ಹೆಸರು ಬರುವ ಕಡೆಗೇ ರೀಲು ಹರಿದುಹೋಗಿತ್ತಾದ್ದರಿಂದ ಚಿತ್ರ ಶುರುವಾಗುತ್ತಲೇ ರಾಣಿ ಕುದುರೆಯ ಮೇಲೆ ಇರುತ್ತಿದ್ದಳು. ಎಲ್ಲಿಂದ ಬಂದಳು, ಯಾವ ದೇಶದ ರಾಣಿ, ದೇವರೇ ಬಲ್ಲ. ಅರಮನೆಯ ಬಾಗಿಲು ಹಾಕಿದರೆ ಗೋಡೆ ಅಲುಗಾಡುತ್ತಿತ್ತು. ಅದೇ ಇಬ್ಬರು ಸಿಪಾಯಿಗಳು ಮೂರು ಯುದ್ಧಗಳಲ್ಲಿ ಸಾಯುತ್ತಿದ್ದರು. ಅವರಲ್ಲಿ ಒಬ್ಬ ಸತ್ತ ಮೇಲೆ ಮೂಗು ತುರಿಸಿಕೊಳ್ಳುತ್ತಿದ್ದ. ದುಷ್ಟ ದಿವಾನನನ್ನು ರಾಣಿ ಕೊಂದ ಮೇಲೆ, ರೀಲು ಹಿಂದುಮುಂದಾಗಿ, ದಿವಾನ ಎದ್ದು ಬಂದು ಹುಕ್ಕಾ ಸೇದುತ್ತಿದ್ದ. ರಾಣಿಯ ಪಾತ್ರ ಮಾಡಿದವನು ಗಂಡಸೇ ಎಂಬುದಕ್ಕೆ ಅವನ ಗದ್ದದ ಮೇಲಿನ ಗಡ್ಡದ ನೆರಳೇ ಸಾಕ್ಷಿ. ಮಿಷಿನ್ನು ತಿರುಗಿಸುವವನ ಕೈ ಸೋತರೆ ಕುದುರೆಯೂ ಸೋಲುತ್ತಿತ್ತು.

ಅದು ಕೆಟ್ಟ ಚಿತ್ರ ಎಂದು ಬೀದರದ ತುಂಬ ಹೇಳುತ್ತಿದ್ದರು. ಹೇಳುವವರೆಲ್ಲ ನೋಡಿದವರೇ, ಕೆಲವರಂತೂ ಮೇಲಿಂದ ಮೇಲೆ ನೋಡಿದವರು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಕದ್ದು ತಿಂದವನು ಬೆಲ್ಲ ಕೆಟ್ಟದಿತ್ತು ಎನ್ನಬಾರದು. ನನಗೆ ಆ ಚಿತ್ರ ಬಹಳ ಸೇರುತ್ತಿತ್ತು, ಗೋಡೆ ಅಲುಗುವುದೂ ಸೇರಿ. ಅಲುಗುವ ಗೋಡೆಯ ಅರಮನೆಯಲ್ಲಿ ಇದ್ದೂ ಆ ರಾಣಿ ತಲೆ ಎತ್ತಿ ನಡೆಯುತ್ತಿದ್ದಳಲ್ಲ, ಗಟ್ಟಿ ಗೋಡೆಯ ಅರಮನೆಯಲ್ಲಿ ಯಾರು ಬೇಕಾದರೂ ನಡೆದಾರು.

ನನ್ನ ರುಚಿ ಕೆಟ್ಟದ್ದು ಇಂದು ನಿನ್ನೆಯಲ್ಲ. ಭಾಲ್ಕಿಯಲ್ಲಿ ನಾನು ಸಣ್ಣವನಿದ್ದಾಗ ಗಂಜ್ ಪೇಟೆಯ ಹತ್ತಿರ ಒಬ್ಬ ಚಿತ್ರದ ಪೆಟ್ಟಿಗೆ ಹೊತ್ತು ಬರುತ್ತಿದ್ದ. ಪೆಟ್ಟಿಗೆಗೆ ಗಾಜಿನ ಕಿಂಡಿಗಳು. ಬಗ್ಗಿ ನೋಡಿದರೆ ಒಳಗೆ ಕಾಶಿ, ಕಲ್ಕತ್ತಾ, ಆನೆ, ಗೋರಾ ಪಲ್ಟಣ. ಒಂದು ಕಿಂಡಿಯ ಗಾಜು ಒಡೆದಿತ್ತು. ಅದರಲ್ಲಿ ನೋಡಿದರೆ ಪ್ರತಿಯೊಂದೂ ಎರಡೆರಡು: ಎರಡು ಕಾಶಿ, ಎರಡು ಆನೆ, ಒಂದು ಆನೆಯ ಸೊಂಡಿಲು ಇನ್ನೊಂದರ ಬೆನ್ನಿಗೆ. ಭಾಲ್ಕಿಯ ಹುಡುಗರೆಲ್ಲ ಆ ಒಡೆದ ಕಿಂಡಿಗಾಗಿಯೇ ಬಡಿದಾಡುತ್ತಿದ್ದೆವು. ಪೆಟ್ಟಿಗೆಯವನು ಒಂದು ವರ್ಷ ಹೊಸ ಗಾಜು ಹಾಕಿಸಿಕೊಂಡು ಹೆಮ್ಮೆಯಿಂದ ಬಂದ. ಅವನ ವ್ಯಾಪಾರ ಅಲ್ಲಿಗೆ ಕೆಟ್ಟಿತು. ಮುಂದೆ ನಾನು ಉರ್ದು ಸಾಲಿಯಲ್ಲಿ ಮಿಡ್ಲ್ ತನಕ ಓದಿದೆ, ಕನ್ನಡವನ್ನು ಮಠದ ಅಯ್ಯನವರ ಹತ್ತಿರ ಕಲಿತೆ. ಒಡೆದ ಕಿಂಡಿಯ ರುಚಿಯನ್ನು ಯಾವ ಸಾಲಿಯೂ ಬಿಡಿಸಲಿಲ್ಲ.

ಶರಣಮ್ಮನಿಗೆ ಆ ಚಿತ್ರ ಸೇರಲು ಕಾರಣ ಬೇರೆ. ಅವಳ ತವರು ಔರಾದ ಕಡೆಯ ಠಾಣಾ ಕುಶನೂರ. ಹುಟ್ಟಾ ಎಡಚಿ. ಅವಳ ಅಜ್ಜಿ ಎಡಗೈಗೆ ಬೇವಿನೆಣ್ಣೆ ಸವರಿ ಊಟಕ್ಕೆ ಕೂರಿಸುತ್ತಿದ್ದಳಂತೆ. ಇವಳು ಎಣ್ಣೆಯ ಕೈಯಲ್ಲೇ ಉಂಡು, ಮೇಲೊಂದು ಬೆಲ್ಲದ ಹರಳು ಕೇಳುತ್ತಿದ್ದಳಂತೆ. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವ್ವ ಮೊದಲ ದಿನವೇ ನೋಡಿದಳು. ನೀಡುವ ಕೈ, ಬಡಿಯುವ ಕೈ, ದೀಪ ಹಚ್ಚುವ ಕೈ ಎಲ್ಲ ಬಲಗೈಯೇ ಆಗಬೇಕು, ಎಡಗೈ ಮನೆತನಕ್ಕೆ ಒಳಿತಲ್ಲ ಎಂದಳು. ಸೊಸೆ ತಲೆ ಬಗ್ಗಿಸಿ ಕೇಳಿಸಿಕೊಂಡು ಒಂದೇ ಮಾತು ಅಂದಳು.

“ಅತ್ತೆಮ್ಮಾ, ಲಿಂಗ ಹಿಡಿಯೋದು ಎಡಗೈಯಾಗೇ ಅಲ್ರಿ? ಲಿಂಗಕ್ಕ ನಡೀತದ, ರೊಟ್ಟಿಗ್ಯಾಕ ನಡಿಯಂಗಿಲ್ರಿ?”

ಉತ್ತರ ಸಿಗದಿದ್ದರೆ ಅತ್ತೆಯಾದವಳು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ ಎಂದು ನಿಮಗೆ ಯಾರು ಹೇಳಿದರು? ನಿಯಮ ನಿಯಮವೇ. ಅಂದಿನಿಂದ ಅವ್ವನ ಮುಂದೆ ಬಲಗೈ, ಮರೆಯಲ್ಲಿ ಎಡಗೈ. ನಾನು ನಡುವೆ ಕುಳಿತು ಎರಡೂ ಕೈಯ ರೊಟ್ಟಿ ತಿಂದೆ.

ಅಂಥವಳು ಮೊದಲ ಸಲ ಡೇರೆಗೆ ಹೋಗಿ ಬಟ್ಟೆಯ ಹಿಂದೆ ಕುಳಿತಳು. ಅಲ್ಲಿ ಕುದುರೆಯ ಮೇಲೆ ಒಬ್ಬ ರಾಣಿ ಎಡಗೈಯಿಂದ ಕತ್ತಿ ಎಳೆದಳು. ಎಡಗೈಯಿಂದ ದಿವಾನನ ಕಪಾಳಕ್ಕೆ ಹೊಡೆದಳು. ಎಡಗೈಯಿಂದ ಉಂಡಳು, ಎಡಗೈಯಿಂದ ಹರಸಿದಳು, ಮತ್ತು ಇಡೀ ದರ್ಬಾರು ತಲೆ ಬಾಗಿಸಿ ನಿಂತಿತ್ತು. ಮನೆಗೆ ಬರುವ ದಾರಿಯಲ್ಲಿ ಶರಣಮ್ಮ ನನಗೆ ಹೇಳಿದ್ದು ಇಷ್ಟೇ: ನೋಡಿದ್ರಿ, ನನ್ನಂಗೇ ಅದಾಳ.

ನಾನು ಸಾಲಿ ಕಲಿತವನಲ್ಲವೇ, ಬಿಡಿಸಿ ಹೇಳಿದೆ. ನೀವು ಹೆಂಗಸರು ಹಿಂದೆ ಕೂತಿದ್ದಿರಿ, ನಿಮಗೆ ಉಲ್ಟಾ ಕಂಡಿದೆ, ರಾಣಿ ನಿಜವಾಗಿ ಬಲಗೈಯವಳು ಎಂದೆ. ಅವಳಿಗೆ ಅದು ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ಗೊತ್ತಿತ್ತು.

“ಉಲ್ಟಾ ನಿಮ್ಮ ಕಡಿ ಅದರಿ,” ಎಂದಳು. “ನಮ್ಮ ಕಡಿ ಖರೇ ಇರ್ತದ.”

ಅಲ್ಲಿಂದ ಶುರುವಾದ ಜಗಳ ನಮ್ಮ ಸಂಸಾರದ ಉದ್ದಕ್ಕೂ ನಡೆಯಿತು. ಡೇರೆ ಬೀದರಕ್ಕೆ ಬಂದಾಗಲೆಲ್ಲ ಹೋಗುತ್ತಿದ್ದೆವು, ಜಗಳಾಡುತ್ತ ಬರುತ್ತಿದ್ದೆವು. ಬೆಳಕು ಬಂದ ಕಡೆಯೇ ಖರೆ ಎಂದು ನಾನು. ಬೆಳಕು ಹಾಯ್ದು ಬಂದ ಕಡೆ ಖರೆ, ಸುಳ್ಳೆಲ್ಲ ಬಟ್ಟೆಗೆ ಸೋಸಿ ನಿಮ್ಮ ಕಡೆಗೇ ಉಳಿಯುತ್ತದೆ ಎಂದು ಅವಳು. ಒಂದೇ ಒಂದು ವಿಷಯಕ್ಕೆ ರಾಜಿಯಾಗಿತ್ತು. ಎಡ ಬಲ ಏನೇ ಇರಲಿ, ರಾಣಿಯ ಕುದುರೆ ಮಾತ್ರ ಇಬ್ಬರಿಗೂ ನಮ್ಮ ಬೀದರದ ಕೋಟೆಯ ದಿಕ್ಕಿಗೇ ಓಡುತ್ತಿತ್ತು.

ಶರಣಮ್ಮನ ಅಣ್ಣ ವೀರಭದ್ರಪ್ಪನವರು ಹೈದರಾಬಾದಿನಲ್ಲಿ ವಕೀಲರು. ಅವರಿಗೆ ನಮ್ಮ ಈ ಚಟ ಎಂದರೆ ನಾಚಿಕೆ. ಒಮ್ಮೆ ನನ್ನನ್ನು ಶಹರಕ್ಕೆ ಕರೆಸಿ ಖುರ್ಚಿ ಇದ್ದ ಥೇಟರಿನಲ್ಲಿ ಒಳ್ಳೆಯ ಚಿತ್ರವೊಂದನ್ನು ತೋರಿಸಿದರು. ಗೋಡೆ ಅಲುಗಲಿಲ್ಲ. ಸತ್ತವರು ಸತ್ತೇ ಇದ್ದರು. ರೀಲುಗಳು ಸಾಲಾಗಿ ಬಂದವು. ನನಗೆ ನಿದ್ದೆ ಬಂತು. ಹೊರಗೆ ಬಂದಾಗ ಅವರು ಈಗಲಾದರೂ ತಿಳಿಯಿತೇ ಎಂದು ಕೇಳಿದರು. ತಿಳಿಯಿತು ಭಾವನವರೇ, ಖುರ್ಚಿಗಳು ಬಹಳ ಮೆತ್ತಗಿದ್ದವು ಎಂದೆ. ಅಂದಿನಿಂದ ಅವರು ನನ್ನ ಉದ್ಧಾರ ಮಾಡುವುದನ್ನು ಬಿಟ್ಟರು.

ಈಗ ಆ ಬುಧವಾರದ ಮುಂದಿನ ದಿನಗಳಿಗೆ ಬರಲೇಬೇಕು. ಜ್ವರದ ನಡುವೆ ಎಚ್ಚರವಾದಾಗ ಶರಣಮ್ಮ ಒಮ್ಮೆ ಕೇಳಿದಳು, ಮಾಲಕಗ ಕೇಳಿದ್ರೇನು ಎಂದು. ಅವಳ ಮಗ್ಗುಲು ಬಿಟ್ಟು ನಾನು ಎದ್ದಿರಲಿಲ್ಲ, ಡೇರೆಯ ತನಕ ಎಲ್ಲಿ ಹೋಗಲಿ? ನೀ ಏಳು, ಇಬ್ಬರೂ ಕೂಡಿ ಹೋಗಿ ಕೇಳೋಣ ಎಂದೆ. ತಲೆ ಆಡಿಸಿದಳು. ಆಮೇಲೆ ಏಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಮಠದ ಅಯ್ಯನವರು ಅವಳ ಎಡಗೈಯನ್ನು ಎತ್ತಿ, ಬೆರಳು ಬಿಡಿಸಿ, ಅಂಗೈಯಲ್ಲಿ ಲಿಂಗ ಇಟ್ಟರು. ಆ ಕೈಯನ್ನು ಆ ದಿನ ಯಾರೂ ಬೈಯಲಿಲ್ಲ.

ಅವಳ ಹೆಸರಿನಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ಮನೆ ತುಂಬ ಮಂದಿ. ಕುಶನೂರದವರು, ಭಾಲ್ಕಿಯವರು, ಅಂಗಡಿಯ ಸಾಲಿನವರು. ಊಟವಾದ ಮೇಲೆ ವೀರಭದ್ರಪ್ಪನವರು ಎದ್ದು ತಂಗಿಯ ಬಗ್ಗೆ ನಾಲ್ಕು ಮಾತು ಆಡಿದರು. ಚೆನ್ನಾಗಿಯೇ ಆಡಿದರು. ಸಾಧು ಹೆಣ್ಣುಮಗಳು, ತಗ್ಗಿ ಬಗ್ಗಿ ನಡೆದವಳು, ಹಿರಿಯರ ಮಾತಿಗೆ ಎದುರಾಡಿದವಳಲ್ಲ, ಮನೆಯ ಹೊಸ್ತಿಲು ದಾಟಿ ಸಿನೇಮಾ ನಾಟಕ ಎಂದು ಅಡ್ಡಾಡಿದವಳಲ್ಲ. ಮಂದಿ ಕಣ್ಣೊರೆಸಿಕೊಂಡರು. ನಾನು ಕೇಳುತ್ತ ಕೇಳುತ್ತ ಇದು ಯಾರ ಆರಾಧನೆ ಎಂದು ನೋಡಿದೆ. ಅಲ್ಲಿ ಹೊಗಳಿಸಿಕೊಳ್ಳುತ್ತಿದ್ದವಳು ನನಗೆ ಗುರುತಿರದ ಬಲಗೈಯ ಹೆಂಗಸು. ಹೀಗೆಯೇ ಬಿಟ್ಟರೆ ಇನ್ನು ಕೆಲವು ವರ್ಷಗಳಲ್ಲಿ ನೆಂಟರ ಬಾಯಲ್ಲಿ ಇವಳೇ ಉಳಿಯುತ್ತಾಳೆ, ನನ್ನವಳು ಅಳಿಸಿಹೋಗುತ್ತಾಳೆ ಎಂದು ಹೆದರಿಕೆಯಾಯಿತು.

ನಾನು ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯುವವನಲ್ಲ. ಅಂದು ಎದ್ದು ನಿಂತೆ.

“ಭಾವನವರ, ತಪ್ಪ ತಿಳ್ಕೋಬ್ಯಾಡ್ರಿ. ಆಕಿ ಸಿನೇಮಾಕ್ಕ ಹೋಗ್ತಿದ್ಲು. ಕುದುರಿ ರಾಣಿ ಅಂದ್ರ ಜೀಂವ ಬಿಡ್ತಿದ್ಲು. ಎದುರಾಡ್ತಿದ್ಲು, ನನ್ನ ಜೋಡಿ ದಿನಾ. ಎಡಚಿ ಇದ್ಲು. ಆಕಿ ಹ್ಯಾಂಗಿದ್ಲೋ ಹಂಗ ಹೇಳ್ರಿ.”

ವಕೀಲರ ಮುಖ ಕೆಂಪಾಯಿತು. ಇಂಥ ದಿನ ಇಂಥ ಮಾತೇ, ಅದೂ ಆ ಮುರುಕು ಚಿತ್ರದ ಹೆಸರು ಎತ್ತಿ ಎಂದರು. ಮುರುಕಾದರೂ ನಮ್ಮದು ಎಂದೆ. ಯಾರೋ ನನ್ನ ತೋಳು ಹಿಡಿದು ಕೂರಿಸಲು ನೋಡಿದರು. ದುಃಖದಲ್ಲಿ ಮಾತು ಹಳಿ ತಪ್ಪಿದೆ ಎಂದು ಇನ್ನಾರೋ ಅಂದರು. ನಾನು ಕೂರಲಿಲ್ಲ. ಆಗ ಗೋಡೆಗೆ ಒರಗಿ ಕುಳಿತಿದ್ದ ಅವ್ವ, ಯಾರ ಕಡೆಗೂ ನೋಡದೆ, ತನ್ನ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತ ಹೇಳಿದಳು.

“ಎಡಗೈಲೇ ರೊಟ್ಟಿ ಬಡೀತಿದ್ಲು. ನಾ ಕೇಳಿಸಿಕೊಂತ ಕುಂಡರತಿದ್ದೆ. ಅಂಥಾ ರೊಟ್ಟಿ ನನ್ನ ಬಲಗೈಗೆ ಬರಲಿಲ್ಲ.”

ಅಯ್ಯನವರು ಶರಣು ಎಂದು ಕೈಮುಗಿದರು. ಮಂದಿಯೂ ಕೈಮುಗಿದರು. ವಕೀಲರು ಹೊರಡುವಾಗ ನನ್ನ ಹತ್ತಿರ ಬಂದು, ಸಣ್ಣವಳಿದ್ದಾಗ ಅವಳ ಎಡಗೈ ಹೊಡೆತ ಬಹಳ ಜೋರಿರುತ್ತಿತ್ತು ಎಂದಷ್ಟೇ ಹೇಳಿ ಕೆನ್ನೆ ಮುಟ್ಟಿಕೊಂಡರು. ಚಿತ್ರ ಕೆಟ್ಟದ್ದು ಎಂಬ ತೀರ್ಪನ್ನು ಮಾತ್ರ ಬದಲಿಸಲಿಲ್ಲ. ನಾನೂ ಬೇಡಲಿಲ್ಲ.

ಅವರೆಲ್ಲ ಹೋದ ಮೇಲೆ, ಡೇರೆ ಕೀಳುವ ಮುಂಚೆ, ಒಂದು ಸಂಜೆ ನಾನು ಶಹಾಗಂಜ್ ದರವಾಜಾದ ಹೊರಗೆ ಹೋದೆ. ಮಂದಿ ನೋಡಿದರು. ಮಣ್ಣು ಕೊಟ್ಟು ತಿಂಗಳೂ ಆಗಿಲ್ಲ, ಇವನು ಡೇರೆಗೆ ಬಂದ ಎಂದು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿದ್ದು ನನ್ನ ಕಿವಿಗೂ ಬಿತ್ತು. ಹೌದು, ಬಂದೆ. ಮುಖ ಮುಚ್ಚಿಕೊಂಡು ಬರಲಿಲ್ಲ, ಮುಂಬಾಗಿಲಿನಿಂದಲೇ ಬಂದೆ. ಖಾಸೀಂಸಾಬರು ನನ್ನನ್ನು ಕಂಡು ಎದ್ದು, ಮುಂದೆ ಖುರ್ಚಿ ತೋರಿಸಿದರು. ನನಗೆ ಬಟ್ಟೆಯ ಹಿಂದೆ ಜಾಗ ಬೇಕು ಎಂದೆ.

“ಹಿಂದ ಈಗ ಯಾರೂ ಕುಂಡ್ರಂಗಿಲ್ಲ ಸಾಹುಕಾರ. ನಮ್ಮ ಬಂಡಿ ಎತ್ತು ಕಟ್ಟೇವಿ. ಮತ್ತ ಅಲ್ಲಿ ಎಲ್ಲಾ ಉಲ್ಟಾ ಅದ. ನಿಮಗ್ಯಾಕ?”

“ನನಗಲ್ರಿ. ನಮ್ಮ ಮನಿಯಾಕಿಗೆ. ಕೇಳ್ತೇನಿ ಅಂತ ಹೇಳಿದ್ದೆ.”

ಅವರಿಗೆ ಸುದ್ದಿ ಗೊತ್ತಿತ್ತು. ಭಿಸ್ತಿಯನ್ನು ಕರೆದರು. ಹಿಂದೆ ಯಾರೂ ಇಲ್ಲವೆಂದು ಈ ಸಲ ಬಟ್ಟೆ ತೋಯಿಸುವುದನ್ನೇ ಬಿಟ್ಟಿದ್ದರಂತೆ. ಭಿಸ್ತಿ ಚೀಲ ಹೊತ್ತು ಬಂದು, ಅಂಚಿನಿಂದ ಅಂಚಿನ ತನಕ ನೀರು ಹೊಡೆದ. ಮುಂದೆ ಕುಳಿತವರು ಇದೇನು ಎಂದು ಗೊಣಗಿದರು. ನಾನು ಸುತ್ತಿಕೊಂಡು ಹಿಂದಕ್ಕೆ ಹೋಗಿ ಕುಳಿತೆ. ಒಂದು ಪಕ್ಕಕ್ಕೆ ಎತ್ತುಗಳು, ಇನ್ನೊಂದು ಪಕ್ಕಕ್ಕೆ ಅವುಗಳ ಮೇವು.

ಕತೆ ಹೇಳುವವನ ದನಿ ಅಲ್ಲಿ ಅರ್ಧಕ್ಕರ್ಧ ಕೇಳುವುದಿಲ್ಲ. ಇಷ್ಟು ವರ್ಷ ಶರಣಮ್ಮ ಮನೆಗೆ ಬಂದು ನನಗೆ ಹೇಳುತ್ತಿದ್ದ ಕತೆ ನನ್ನ ಕತೆಗೆ ಯಾಕೆ ಹೊಂದುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. ಅರ್ಧ ಅವಳೇ ಮಾಡಿಕೊಂಡದ್ದು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಳಕು ಬಂತು. ರಾಣಿ ಕುದುರೆಯ ಮೇಲೆ ಬಂದಳು, ಕೋಟೆಯ ದಿಕ್ಕಿಗೆ. ಎಡಗೈಯಿಂದ ಕತ್ತಿ ಎಳೆದಳು. ಆ ಗಡ್ಡದ ನೆರಳಿನ ರಾಣಿ, ನಿಮ್ಮ ಯಾವ ಒಳ್ಳೆಯ ಚಿತ್ರದಲ್ಲೂ ನಾನು ನೋಡಿರದ ಹಾಗೆ, ಎಡಗೈಯನ್ನು ಎತ್ತಿ ಇಡೀ ದರ್ಬಾರನ್ನು ಹರಸಿದಳು. ಆಚೆ ಗೋಡೆ ಅಲುಗಿದ್ದಕ್ಕೆ ಗಂಡಸರು ನಕ್ಕರು. ಆ ನಗುವಿನಲ್ಲಿ ಇಷ್ಟು ವರ್ಷ ನನ್ನದೂ ಇರುತ್ತಿತ್ತು. ಹಿಂದಿನಿಂದ ಕೇಳಿದರೆ ಅದು ಅಷ್ಟೇನೂ ಚೆನ್ನಾಗಿರಲಿಲ್ಲ.

ಮನೆಗೆ ಬಂದಾಗ ಅವ್ವ ಎಚ್ಚರವಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ತಾಟು ಇಟ್ಟಳು, ರೊಟ್ಟಿ ಹಾಕಿದಳು. ಆಮೇಲೆ, ಎಂದೂ ಡೇರೆಯ ಮುಖ ನೋಡದ ಅವ್ವ, ರಾಣಿ ಕತ್ತಿ ಯಾವ ಕೈಲೇ ಹಿಡಿದಿದ್ಲೋ ಎಂದು ಕೇಳಿದಳು.

ಎಡಗೈಲೇ ಅವ್ವಾ ಎಂದೆ.

ಆ ಚಿತ್ರ ಒಳ್ಳೆಯದು. ರಾಣಿ ಎಡಚಿ. ಇಷ್ಟು ವರ್ಷದ ಜಗಳದಲ್ಲಿ ನಾನು ಸೋತಿದ್ದೇನೆ ಎಂದು ಇಲ್ಲಿ ನಿಮ್ಮೆಲ್ಲರ ಮುಂದೆ ಒಪ್ಪಿಕೊಂಡಿದ್ದೇನೆ. ಗೆದ್ದವಳು ಮನೆಯಲ್ಲಿಲ್ಲ.